ಒಂದು ಇಟ್ಟಿಗೆಯಷ್ಟು ಜಲಪಾತ

ಪ್ರವಾಸಿ ತಾಣಗಳ ಸುರಕ್ಷತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಜಲಪಾತದ ವೀಕ್ಷಣಾ ಸ್ಥಳದಲ್ಲಿ ತಾವು ಕಟ್ಟಿಸಿರುವ ಗೋಡೆಯನ್ನು ಮೊನ್ನೆ ಕಣ್ತುಂಬ ವೀಕ್ಷಿಸಿ ಬಂದೆವು. ಬೇರೇನೂ ಕಾಣಲಿಲ್ಲ. ಗೋಡೆ ನನಗಿಂತ ಒಂದು ಮೊಳ ಎತ್ತರವಿದೆ. ನನ್ನ ಗೆಳತಿಯ ಗಂಡ ಎಲ್ಲ ಬಾಗಿಲುಗಳನ್ನೂ ಬಗ್ಗಿಕೊಂಡೇ ದಾಟುವ ಆಸಾಮಿ. ಅವರಿಗಿಂತಲೂ ಗೇಣು ಎತ್ತರ. ಇಲ್ಲಿಗೆ ನೋಡಲು ಬರುವವರು ಯಾರೆಂದು ತಾವು ಅಂದಾಜು ಮಾಡಿದ್ದಿರಿ? ಜಿರಾಫೆಗಳೇ?

ನಾನು ಕನ್ನಡಕದ ಅಂಗಡಿ ಇಟ್ಟುಕೊಂಡವಳು. ಗೆಳತಿ ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವಳು. ಮದುವೆಯಾಗಿ ಚಳಿಯ ದೇಶ ಸೇರಿದಳು. ಈಗ ಅವಳ ದೃಷ್ಟಿ ಅಂಚಿನಿಂದ ಒಳಕ್ಕೆ ಕತ್ತಲಾಗುತ್ತ ಬರುತ್ತಿದೆ. ಕನ್ನಡಕದಿಂದ ಸರಿಹೋಗುವಂಥದ್ದಲ್ಲ, ಹೋಗುವಂತಿದ್ದರೆ ಅಂಗಡಿಯ ಗಾಜುಗಳನ್ನೆಲ್ಲ ಅವಳ ಮೂಗಿನ ಮೇಲೆ ಪೇರಿಸಿಬಿಡುತ್ತಿದ್ದೆ. ಸದ್ಯ ಅವಳಿಗೆ ಕಾಣುವುದು ಎದುರಿಗೆ ಒಂದು ಬಳೆಯೊಳಗೆ ಹಿಡಿಸುವಷ್ಟು ಜಾಗ. ಮುಂದಿನ ವರ್ಷ ಅದೂ ಇರುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ಬಂದಳು. "ಹಸಿರು ನೋಡ್ಬೇಕು ಕಣೇ. ಆಮೇಲೆ ಆ ಜಲಪಾತ. ಆಗ ಹೋಗೋಣ ಹೋಗೋಣ ಅಂತ ಹೋಗ್ಲೇ ಇಲ್ವಲ್ಲ" ಎಂದಳು. "ಕಾರಿದೆ, ನಾನಿದೀನಿ, ತೋರಿಸ್ತೀನಿ ಬಾರೇ" ಎಂದುಬಿಟ್ಟೆ. ಗೋಡೆಯ ವಿಷಯ ನನಗೇನು ಕನಸು ಬಿದ್ದಿತ್ತೇ?

ನನ್ನ ಕಾರು ಚಿಕ್ಕದು. ಗೆಳತಿ ಮುಂದೆ, ಅವಳ ಗಂಡ ಹಿಂದೆ, ಮಂಡಿಗೆ ಗದ್ದ ಆನಿಸಿಕೊಂಡು. ಎ.ಸಿ. ಇಳಿಜಾರಿನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಜಲಪಾತದ ದಾರಿಯೋ ಪೂರ್ತಿ ಏರು. ಬೆವರು ಒರೆಸಿಕೊಳ್ಳುತ್ತಲೇ ನಾವೊಂದು ಪದ್ಧತಿ ಮಾಡಿಕೊಂಡೆವು. ಗೋಡೆಗೆ ಫೋಟೊ ನೇತುಹಾಕಿಸುವವಳ ಹಾಗೆ ನಾನು "ಎಡಕ್ಕೆ, ಇನ್ನೂ ಎಡಕ್ಕೆ, ಚೂರು ಮೇಲೆ, ಹಾಂ, ನಿಲ್ಲು!" ಎನ್ನುವುದು, ಅವಳು ಕತ್ತು ತಿರುಗಿಸಿ ತನ್ನ ಬಳೆಯೊಳಗೆ ಅದನ್ನು ಹಿಡಿದು "ಸಿಕ್ತು!" ಎನ್ನುವುದು. ಬಾಳೆಗೊನೆ ಸಿಕ್ಕಿತು, ಮಿಂಚುಳ್ಳಿ ಸಿಕ್ಕಿತು, ಕೆಸರಿನಲ್ಲಿ ಮಲಗಿದ ಎಮ್ಮೆಯ ಒಂದು ಕಿವಿ ಸಿಕ್ಕಿತು. "ಅವಳು ನೋಡ್ಲಿ, ನೀವು ರಸ್ತೆ ನೋಡಿ ಪುಣ್ಯ ಕಟ್ಕೊಳ್ಳಿ" ಎಂದು ಹಿಂದಿನಿಂದ ಅವಳ ಗಂಡ.

ಜಲಪಾತ ಮುಚ್ಚಿದ್ದಕ್ಕೆ ತಮ್ಮ ಕಚೇರಿಗೂ ಅಳುಕು ಆಗಿದ್ದಿರಬೇಕು. ಆದ್ದರಿಂದಲೇ ಗೋಡೆಯ ಮೇಲೆ ಜಲಪಾತದ ಚಿತ್ರ ಬರೆಸಿದ್ದೀರಿ. ವರ್ಷವಿಡೀ ಬೆವರುವ ದೇಶದ ಜಲಪಾತದ ಹಿಂದೆ ಹಿಮದ ಬೆಟ್ಟ, ಮುಂದೆ ಎರಡು ಹಂಸ. ಕಾರು ನಿಲ್ಲಿಸಿ ನಾನು ಬೀಗ ಹಾಕುವಷ್ಟರಲ್ಲಿ ಗೆಳತಿ ಗಂಡನ ಕೈ ಬಿಡಿಸಿಕೊಂಡು ಮುಂದೆ ಹೋಗಿ ನಿಂತಿದ್ದಳು. "ಸಿಕ್ತು! ಹಂಸ ಕಣೇ! ಅಯ್ಯೋ, ಇಲ್ಲಿ ಹಂಸ ಇರುತ್ತಾ?"

ಅವಳು ಕೈ ಚಾಚಿ ಹಂಸವನ್ನು ಮುಟ್ಟಿದಳು, ಬೆರಳು ಮಡಿಸಿ ತಟ್ಟಿದಳು. "ಗೋಡೆ ಅಲ್ವೇನೇ ಇದು?"

ಕಾವಲುಗಾರರನ್ನು ವಿಚಾರಿಸಿದೆ.

"ಜನ ಬೀಳಬಾರ್ದು ಅಂತ ಕಟ್ಟಿದ್ದು ಕಣಮ್ಮಾ."

"ಮುಂಚೆ ಬೀಳ್ತಿದ್ರಾ?"

"ಮುಂಚೆ ಕಂಬಿ ಇತ್ತು, ಯಾರೂ ಬಿದ್ದಿರ್ಲಿಲ್ಲ. ಗೋಡೆ ಬಂದ್ಮೇಲೆ ಹತ್ತಿ ನೋಡೋಕೆ ಹೋಗಿ ಇಬ್ರು ಬಿದ್ರು."

"ಆ ಕಡೆಗಾ?"

"ಈ ಕಡೆಗೇ. ಆ ಕಡೆ ಬೀಳೋಕೆ ಗೋಡೆ ಬಿಡಲ್ವಲ್ಲ."

ಯೋಜನೆಯ ಯಶಸ್ಸಿಗೆ ಅಭಿನಂದನೆಗಳು.

ಅಷ್ಟರಲ್ಲಿ ಗೆಳತಿ ಗೋಡೆಗೆ ಕಿವಿಯಿಟ್ಟು ನಿಂತಿದ್ದಳು. ನೀರು ಆ ಕಡೆ ಭೋರೆನ್ನುತ್ತಿತ್ತು. "ಬಿಡೇ, ಬೇಜಾರು ಮಾಡ್ಕೋಬೇಡ" ಎಂದು ನನಗೇ ಸಮಾಧಾನ ಹೇಳಿದಳು. "ಕೇಳೋದನ್ನ ಮುಂದಿನ ವರ್ಷಾನೂ ಕೇಳ್ಬಹುದು. ನೋಡೋದೊಂದೇ ಈ ವರ್ಷಕ್ಕೆ ಅಂತ ಇಟ್ಕೊಂಡಿದ್ದೆ." ವಾಪಸು ಬರುವಾಗ ಇಳಿಜಾರಿನಲ್ಲಿ ಎ.ಸಿ. ಚೆನ್ನಾಗಿ ಕೆಲಸ ಮಾಡಿತು. ನನಗೆ ಅಳು ಬಂತು, ಹೊಟ್ಟೆಯೂ ಉರಿಯಿತು. ಆ ಉರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಗೋಡೆ ಕೆಡವಿಸಿ ಎಂದು ನಾನು ಕೇಳುತ್ತಿಲ್ಲ. ಇಡೀ ಜಲಪಾತ ತೋರಿಸಿದರೂ ಅವಳಿಗೆ ಕಾಣುವುದಿಲ್ಲ. ಒಂದು ಇಟ್ಟಿಗೆ ತೆಗೆಸಿ, ಸಾಕು. ಹಂಸದ ಕೊರಳಿನ ಪಕ್ಕದ್ದು. ಅದು ಸರಿಯಾಗಿ ಅವಳ ಕಣ್ಣಿನ ಎತ್ತರಕ್ಕಿದೆ. ಅಷ್ಟು ಕಿಂಡಿಯಲ್ಲಿ ಯಾರೂ ಜಾರಿ ಬೀಳಲಾರರು. ಬೀಳುವಷ್ಟು ಸಣ್ಣವರಿದ್ದರೆ ಅವರಿಗಾಗಿ ಬೇರೆಯೇ ಒಂದು ಎಚ್ಚರಿಕೆ ಫಲಕ ಹಾಕಿಸಿ.

ಭಾನುವಾರ ಅವರ ವಿಮಾನ. ಶನಿವಾರ ನಾವು ಮತ್ತೆ ಬರುತ್ತೇವೆ. ಕಡತ ಅಷ್ಟರೊಳಗೆ ತಮ್ಮ ಮೇಜಿಗೆ ತಲುಪದಿದ್ದರೆ ಚಿಂತೆಯಿಲ್ಲ, ಡಿಕ್ಕಿಯಲ್ಲಿ ಉಳಿ, ಸುತ್ತಿಗೆ ಇಟ್ಟುಕೊಂಡಿದ್ದೇನೆ. ಕಾವಲುಗಾರರ ಮೇಲೆ ಕ್ರಮ ಜರುಗಿಸಬೇಡಿ, ಆ ಹೊತ್ತಿಗೆ ಅವರು ಊಟಕ್ಕೆ ಹೋಗಿರುತ್ತಾರೆ. ಅವಳು "ಸಿಕ್ತು" ಎಂದ ಮೇಲೆ ಇಟ್ಟಿಗೆಯನ್ನು ಮೊದಲಿದ್ದಲ್ಲೇ ಇಟ್ಟು ಬರುತ್ತೇವೆ.

ಇಂತಿ,
ಊರಿಗೆಲ್ಲ ಕನ್ನಡಕ ಕೊಟ್ಟು, ಗೆಳತಿಗೆ ಗೋಡೆ ತೋರಿಸಿದವಳು