ನೂರ್ವರಲ್ಲಿ ಏಳು ಮಂದಿ

ರಾಣೆಬೆನ್ನೂರು
ವೈಶಾಖದ ಐವತ್ತೊಂದನೆಯ ದಿನ, 2231

ವಿದ್ಯಾಶ್ರೀ ಮಾಕನೂರ ಅವರಿಗೆ,

ತಾರೀಖು ನೋಡಿ ಕೈತಪ್ಪಿ ಬರೆದದ್ದೆಂದು ತಿಳಿಯಬೇಡಿ. ಬೇಸಗೆ ಉದ್ದವಾದ ಮೇಲೆ ವೈಶಾಖಕ್ಕೆ ದಿನಗಳನ್ನು ಸೇರಿಸಿದರು. ಈಗ ಅದು ಅರವತ್ತೆರಡು ದಿನಗಳ ತಿಂಗಳು. ನನ್ನ ಕೆಲವು ಪದಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ. ಅವನ್ನು ನಿಮ್ಮ ಮುಂದೆ ಬಳಸುತ್ತಿರುವುದಕ್ಕೆ ಕ್ಷಮೆಯಿರಲಿ. ಈ ಕಾಗದ ನಿಮ್ಮನ್ನು ಹೇಗೆ ತಲುಪೀತೋ ಗೊತ್ತಿಲ್ಲ. ತಲುಪುವುದಾದರೆ, ನೀವು ಬಿ.ಕಾಂ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆಂದು ನೂರು ಪ್ರಶ್ನಾವಳಿಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಬರುವ ವಾರ ತಲುಪಲಿ.

ನನ್ನ ಹೆಸರು ನೀಲಾಂಬಿಕಾ ಕುಪ್ಪೇಲೂರ. ವಯಸ್ಸು ಇಪ್ಪತ್ತಾರು. ಮೊದಲು ಸಾಹಿತ್ಯ ಓದಿದೆ. ಸಾಹಿತ್ಯ ಓದಿದವರಿಗೆ ಇಲ್ಲಿ ಮರ್ಯಾದೆ ಸಿಗುತ್ತದೆ, ಕಸುಬುಚೀಟಿ ಸಿಗುವುದಿಲ್ಲ. ಉದ್ಯೋಗ ಹಿಡಿಯಲು ವಿಶ್ವವಿದ್ಯಾಲಯ ಕೊಡುವ ಅನುಮತಿಗೆ ನಾವು ಹಾಗೆನ್ನುತ್ತೇವೆ. ಮನೆಯಲ್ಲಿ ಯಾರೂ ಒತ್ತಾಯ ಮಾಡಲಿಲ್ಲ, ಆದರೆ ಊಟಕ್ಕೆ ಕೂತಾಗಲೆಲ್ಲ ಅಪ್ಪ ಯಾರ ಯಾರ ಮಕ್ಕಳಿಗೆ ಕಸುಬುಚೀಟಿ ಸಿಕ್ಕಿತೆಂದು ಹೇಳತೊಡಗಿದರು. ಹಾಗಾಗಿ ವ್ಯಾಪಾರ ವಿಭಾಗ ಸೇರಿದೆ. ಸೆಕೆಯ ಕಾರಣ ಬೆಳಗಿನ ಐದರಿಂದ ಒಂಬತ್ತರವರೆಗೆ ಪಾಠ. ಆಮೇಲೆ ಬಟ್ಟೆಯ ಚಾವಣಿ ಕಟ್ಟಿದ ನೆರಳುಬೀದಿಗಳಲ್ಲಿ ಮನೆಗೆ ಮರಳುತ್ತೇವೆ. ತಲೆಯ ಮೇಲೆ ತಂತಿಬುಟ್ಟಿಗಳು ಓಡುತ್ತಿರುತ್ತವೆ. ಅಕ್ಕಿ, ಸೊಪ್ಪು, ಸೋಪು ಎಲ್ಲವೂ ಅವುಗಳಲ್ಲೇ ಮನೆಯ ಕಿಟಕಿಗೆ ಬರುತ್ತವೆ. ಇದಕ್ಕೆ ಕಿಟಕಿವ್ಯಾಪಾರ ಎಂದು ಹೆಸರು. ಮಾರುವವರ ಮುಖ ನೋಡದೆಯೇ ಬೆಳೆದ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಮೂರು ವರ್ಷ ಗ್ರಾಹಕರ ವರ್ತನೆಯನ್ನು ಓದಿದ ನಾವು ಒಬ್ಬ ಗ್ರಾಹಕರನ್ನೂ ಮಾತಾಡಿಸಿರಲಿಲ್ಲ. ನನ್ನಂಥ ಸಂಕೋಚದವಳಿಗೆ ಅದು ಅನುಕೂಲವೇ ಆಗಿತ್ತು.

ನಾವು ಓದುವ ಮೂಲಗ್ರಂಥ ನಿಮ್ಮದು. ಅಳಿದ ವರ್ಷಗಳು ಎಂದು ನಾವು ಕರೆಯುವ ಕಾಲದಲ್ಲಿ ಯಂತ್ರಗಳಲ್ಲಿ ಇಟ್ಟದ್ದೆಲ್ಲ ಹೋಯಿತು. ಈ ಊರಿನ ಜನ ಹೇಗೆ ಕೊಳ್ಳುತ್ತಿದ್ದರು, ಏನನ್ನು ಬಯಸುತ್ತಿದ್ದರು ಎಂದು ಹೇಳಲು ಉಳಿದದ್ದು ಒಂದು ಹಳೆಯ ಕಾಲೇಜಿನ ಕಬ್ಬಿಣದ ಬೀರುವಿನಲ್ಲಿ ಸಿಕ್ಕ ಸ್ಪೈರಲ್ ಬೈಂಡಿಂಗಿನ ಪುಸ್ತಕ: "ರಾಣೆಬೆನ್ನೂರು ನಗರದ ಗ್ರಾಹಕರ ಖರೀದಿ ವರ್ತನೆ: ಒಂದು ಅಧ್ಯಯನ." ನೀವು ಪ್ರಶ್ನೆ ಕೇಳಿದ ನೂರು ಜನರನ್ನು ನಾವು ನೂರ್ವರು ಎನ್ನುತ್ತೇವೆ. ನಿಮ್ಮ ಹದಿನಾಲ್ಕು ಕೋಷ್ಟಕಗಳು ನಮಗೆ ಬಾಯಿಪಾಠ. ನೂರ್ವರಲ್ಲಿ ಎಪ್ಪತ್ತೆರಡು ಮಂದಿ ಮನೆಯಿಂದ ಹೊರಬೀಳದೆ ಕೊಳ್ಳಲು ಇಷ್ಟಪಟ್ಟಿದ್ದರು. ಹಾಗಾಗಿ ಸಂತೆ ಹೋಯಿತು, ತಂತಿಬುಟ್ಟಿ ಬಂತು. ಈಗ ಉಳಿದಿರುವುದು ಹಳೆ ಪೇಟೆಯ ಒಂದು ಓಣಿ, ಅದರಲ್ಲಿ ನೆಲಕ್ಕೆ ಕೂತು ಮಾರುವ ಮೂವತ್ತು ಹೆಂಗಸರು. ಆ ಓಣಿಯನ್ನು ಏಕೆ ಮುಚ್ಚಬೇಕೆಂದು ನೂರ್ವರ ಆಧಾರದ ಮೇಲೆ ತೋರಿಸುವುದು ನನಗೆ ಕೊಟ್ಟಿರುವ ಪ್ರಬಂಧ. ನಾಳೆ ಬೆಳಿಗ್ಗೆ ಆರಕ್ಕೆ ಮೌಖಿಕ ಪರೀಕ್ಷೆ. ಒಪ್ಪಿಗೆಯಾದರೆ ನನಗೆ ಕಸುಬುಚೀಟಿ ಮತ್ತು ನಗರ ವ್ಯಾಪಾರ ಕಚೇರಿಯಲ್ಲಿ ಹುದ್ದೆ. ಓಣಿಗೆ ಒಂದು ತಿಂಗಳ ಗಡುವು. ಎರಡನೇ ಸಲ ಪರೀಕ್ಷೆಗೆ ಕೂರುವ ಅವಕಾಶ ನಮ್ಮಲ್ಲಿಲ್ಲ.

ಪ್ರಬಂಧಕ್ಕೆ ಒಂದು ಚಿತ್ರ ಬರೆದುಕೊಳ್ಳೋಣವೆಂದು ಕಳೆದ ತಿಂಗಳು ಆ ಓಣಿಗೆ ಹೋದೆ. ಕೊಟ್ರವ್ವ ಎಂಬ ಒಣಮೆಣಸಿನಕಾಯಿ ಮಾರುವ ಮುದುಕಿಯ ಎದುರು ಬಹಳ ಹೊತ್ತು ನಿಂತೆ. ಅವಳು ತಲೆಯೆತ್ತಿ, "ಏನ್ ಬೇಕವ್ವಾ? ಬಾಯಿ ಮನ್ಯಾಗ ಇಟ್ಟು ಬಂದೀಯೇನು?" ಎಂದಳು. ಪಕ್ಕದ ಬಳೆಯವಳು ನಕ್ಕಳು. ನಾನು ತಡವರಿಸುತ್ತ ವಿಷಯ ಹೇಳಿದೆ. ಕೊಟ್ರವ್ವ ಸಿಟ್ಟಾಗಲಿಲ್ಲ. ನನ್ನ ಕೈಗೆ ಚೀಲದ ಬಾಯಿ ಹಿಡಿಯಲು ಕೊಟ್ಟು, ಮೆಣಸಿನಕಾಯಿ ತುಂಬುತ್ತ ಕೇಳಿದಳು: "ನೂರು ಮಂದಿನ ಕೇಳಿದ್ರಂತಲ್ಲ, ಅದ್ರಾಗ ನಮ್ಮಂಥಾಕಿ ಒಬ್ಬಾಕಿನೂ ಇದ್ದಿಲ್ಲೇನು?"

ಉತ್ತರ ಹುಡುಕಲು ನಿಮ್ಮ ಪುಸ್ತಕದ ಅನುಬಂಧ ತೆರೆದೆ. ಪುಸ್ತಕ ಸಿಕ್ಕಿದಾಗಿನಿಂದ ಎಲ್ಲರೂ ಕೋಷ್ಟಕಗಳನ್ನೇ ಓದಿದ್ದರು; ಹಿಂದಿನ ಪುಟಗಳಲ್ಲಿ ಸೇರಿಸಿಟ್ಟ, ಉತ್ತರ ತುಂಬಿದ ಪ್ರಶ್ನಾವಳಿಯ ಹಾಳೆಗಳನ್ನು ಯಾರೂ ಓದಿದಂತಿರಲಿಲ್ಲ. ನಾನು ಕತೆ ಓದುವವಳಂತೆ ಮೊದಲಿನಿಂದ ಓದಿದೆ. ಮೊದಲ ಏಳು ಹಾಳೆಗಳಲ್ಲಿ ಜನರಿದ್ದರು. ಒಬ್ಬರು ಪ್ರಶ್ನೆ ಬಿಟ್ಟು ಅಳಿಯನನ್ನು ಬೈದಿದ್ದರು. ಇನ್ನೊಬ್ಬರು ನೀನು ಯಾರ ಮಗಳು ಎಂದು ಕೇಳಿದ್ದನ್ನೂ ನೀವು ಬರೆದುಕೊಂಡಿದ್ದಿರಿ. ನಾಲ್ಕನೆಯ ಹಾಳೆಯಲ್ಲಿ ಒಬ್ಬ ಅಜ್ಜಿಯ ಮಾತು: "ಬರ್ಕೋ, ಸಂತ್ಯಾಗ ನಾಕು ಮಂದಿ ಮುಖ ನೋಡಿದ್ರ ಉಂಡಂಗ ಆಕ್ಕೈತಿ." ಎಂಟನೆಯ ಹಾಳೆ ಖಾಲಿ. ಮೂಲೆಯಲ್ಲಿ ಸಣ್ಣಗೆ, "ಬೈದು ಕಳಿಸಿದರು" ಎಂದಷ್ಟೇ ಇದೆ. ಒಂಬತ್ತರಿಂದ ಮುಂದೆ ಯಾರೂ ಬೈಯುವುದಿಲ್ಲ, ಯಾರಿಗೂ ಅವಸರವಿಲ್ಲ. ಅರವತ್ತರ ವಿಧವೆಯೂ ಹತ್ತೊಂಬತ್ತರ ಮೆಕ್ಯಾನಿಕ್ಕೂ ಒಂದೇ ದನಿಯಲ್ಲಿ ಸೇವೆ ತೃಪ್ತಿಕರ ಎನ್ನುತ್ತಾರೆ. ಅರವತ್ತೇಳರ ಹಿಂಬದಿಯಲ್ಲಿ ಪೆನ್ಸಿಲ್ಲಿನ ಸಾಲು: "ಇನ್ನು ಮೂವತ್ಮೂರು. ಸ್ವಾತಿ ಹತ್ತು, ಉಳಿದವು ನಾನು. ನಾಳೆ ಬೈಂಡಿಂಗ್."

ಸ್ವಾತಿ ನಿಮ್ಮ ಗೆಳತಿಯಿರಬೇಕು; ಒಂಬತ್ತರಿಂದ ಮುಂದಿನ ಹಾಳೆಗಳನ್ನು ಯಾರನ್ನೂ ಕೇಳದೆ ನೀವಿಬ್ಬರೇ ತುಂಬಿದ್ದಿರಿ.

ದೂರಲು ಬರೆಯುತ್ತಿಲ್ಲ. ಅಪರಿಚಿತರ ಬಾಗಿಲಲ್ಲಿ ನಿಂತು, ಎರಡು ನಿಮಿಷ ಟೈಮ್ ಕೊಡ್ತೀರಾ ಎಂದು ಕೇಳುವುದಕ್ಕಿಂತ ಹಾಸ್ಟೆಲಿನ ಮಂಚದ ಮೇಲೆ ಕೂತು ಉತ್ತರಗಳಿಗೆ ತಾವೇ ಗುರುತು ಹಾಕುವುದು ಸುಲಭ. ಎಲ್ಲರೂ ಹಾಗೆಯೇ ಮಾಡುತ್ತಾರೆಂದು ಸೀನಿಯರ್‌ಗಳು ಹೇಳಿರುತ್ತಾರೆ. ಗೈಡ್ ಸಹಿ ಹಾಕುವ ಪುಟ ಬಿಟ್ಟು ಬೇರೆ ನೋಡಿರುವುದಿಲ್ಲ. ಕ್ಯಾಂಪಸ್ ಸಂದರ್ಶನ ಹತ್ತಿರ ಬಂದಿರುತ್ತದೆ. ಒಂದು ಕೆಲಸ ಸಿಕ್ಕರೆ ಸಾಕು, ಈ ವರದಿಯನ್ನು ಇನ್ನಾರು ಓದುತ್ತಾರೆ ಎಂದುಕೊಂಡಿರುತ್ತೀರಿ. ನಾನೂ ನನ್ನ ಪ್ರಬಂಧದ ಬಗ್ಗೆ ಹಾಗೆಯೇ ಅಂದುಕೊಂಡಿದ್ದೆ.

ನನ್ನ ಗೈಡ್ ಗುರುಪಾದ ಮೈದೂರ ಸರ್ ಅವರಿಗೆ ಆ ಪೆನ್ಸಿಲ್ ಸಾಲು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ, "ನೀಲಾ, ನೀ ಪಾಸಾಗೂದು ನೋಡವ್ವ. ನೂರ್ವರನ್ನ ಮುಟ್ಟಬ್ಯಾಡ. ನಾ ಮೂವತ್ತು ವರ್ಷ ಇದನ್ನ ಪಾಠ ಮಾಡೀನಿ," ಎಂದರು. ಅವರ ಧ್ವನಿಯಲ್ಲಿ ಗದರಿಕೆ ಇರಲಿಲ್ಲ, ಬೇಡಿಕೊಳ್ಳುವಂತಿತ್ತು. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ನಾಳೆ ನನ್ನ ಎದುರು ಐದು ಜನ ಕೂರುತ್ತಾರೆ. ಬಾಯಿ ಬಿಡುತ್ತೇನೋ ಇಲ್ಲವೋ, ಈ ಸಾಲು ಬರೆಯುವಾಗಲೂ ನನಗೆ ಖಚಿತವಿಲ್ಲ. ನೂರ್ವರಲ್ಲ, ಏಳು ಮಂದಿ ಎಂದು ಹೇಳಬೇಕು. ಆ ಏಳರಲ್ಲಿ ಐವರು ಸಂತೆಯನ್ನೇ ಬಯಸಿದ್ದರೆಂದೂ ಹೇಳಬೇಕು. ಮನೆಯಲ್ಲಿ ಗೋಡೆಯ ಎದುರು ನಿಂತು ನಾಲ್ಕು ಸಲ ಹೇಳಿ ನೋಡಿದ್ದೇನೆ. ಕೊನೆಯವರೆಗೆ ಹೇಳಿದ್ದು ಒಂದೇ ಸಲ. ಹೇಳಿದರೆ ಕಸುಬುಚೀಟಿ ಹೋದಂತೆಯೇ. ಹೇಳದಿದ್ದರೆ ಮುಂದಿನ ತಿಂಗಳು ಓಣಿ ಮುಚ್ಚುವ ಕಾಗದಕ್ಕೆ ಮೊದಲ ಸಹಿ ನನ್ನದು, ಅದೇ ನನ್ನ ಮೊದಲ ಕೆಲಸ.

ನೀವು ಅಲ್ಲಿಯೇ ಸರಿಪಡಿಸಿದರೆ ನಾನು ಇಲ್ಲಿ ಬಾಯಿ ತೆರೆಯುವ ಪ್ರಮೇಯವೇ ಬಾರದೆಂದು ಈ ಕಾಗದ ಶುರು ಮಾಡಿದೆ. ಅದು ಹೇಡಿಯ ಆಸೆ ಎಂದು ಬರೆಯುತ್ತ ಬರೆಯುತ್ತ ತಿಳಿಯಿತು. ನೀವು ಏನೇ ಮಾಡಿ, ನಾಳೆ ನಾನು ಹೇಳುತ್ತೇನೆ. ಆದರೂ ಒಂದು ಕೋರಿಕೆ. ನೂರು ಆಗದಿದ್ದರೆ ಬೇಡ, ಇಪ್ಪತ್ತಕ್ಕೆ ನಿಲ್ಲಿಸಿ, ಇಪ್ಪತ್ತೇ ಎಂದು ಬರೆಯಿರಿ. ಎಂಟನೆಯವರು ಬೈದು ಕಳಿಸುತ್ತಾರೆ. ಕಣ್ಣಲ್ಲಿ ನೀರು ಬಂದರೆ ಯಾವುದಾದರೂ ಅಂಗಡಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಳ್ಳಿ. ಹಾಸ್ಟೆಲಿಗೆ ಮಾತ್ರ ಮರಳಬೇಡಿ. ಒಂಬತ್ತನೆಯವರ ಹತ್ತಿರ ಹೋಗಿ.

ನಿಮ್ಮ ವಿದ್ಯಾರ್ಥಿನಿ,
ನೀಲಾಂಬಿಕಾ