ಜೋಡಿಯಿಲ್ಲದ ಕಂಸಾಳೆ

ಹರವೆ, ೧೯೫೬

ಸಿದ್ದಮಾದ,

ನೀನು ನೀಲಗಿರಿಯ ಯಾವ ಟೀ ತೋಟದಲ್ಲಿದ್ದೀಯೋ ಗೊತ್ತಿಲ್ಲ. ಈ ಕಾಗದ ನನ್ನ ಬಳಿಯೇ ಉಳಿಯುತ್ತದೆ.

ಇವತ್ತು ಸಂತೆಮರಹಳ್ಳಿಯಲ್ಲಿ ಜೋಡಿಯಿಲ್ಲದೆ ಒಬ್ಬನೇ ಕಂಸಾಳೆ ಕುಣಿದೆ. ನೀನು ಎದುರಿಗಿದ್ದಂತೆಯೇ, ನಿನ್ನ ಎಡಗೈ ಬೀಸಿಗೆ ಬಗ್ಗಿದೆ, ನಿನ್ನ ತಾಳಕ್ಕೆ ನನ್ನ ತಾಳ ಚಾಚಿದೆ. ಸದ್ದು ಬರಲಿಲ್ಲ. ಜನ ಮೊದಲು ನಕ್ಕರು, ಆಮೇಲೆ ನಿನ್ನ ಜಾಗ ಬಿಟ್ಟು ಸರಿದು ನಿಂತರು.

ಕುಣಿತ ಮುಗಿದ ಮೇಲೆ ನಿಮ್ಮವ್ವ ಹತ್ತಿರ ಬಂದಳು.

"ನನ್ ಮಗ ಅಲ್ಲೇ ನಿಂತಂಗಿತ್ತು ಕಣಪ್ಪ. ನಿನ್ಗಾದ್ರೂ ಕಾಗ್ದ ಬರ್ದವ್ನಾ?"

"ಬರ್ದವ್ನೆ ಕಣವ್ವ. ಚೆಂದಾಗವ್ನಂತೆ, ನಿನ್ನ ಕೇಳವ್ನೆ."

"ಇನ್ನೇನ್ ಬರ್ದವ್ನೆ?"

ನನ್ನ ಕೈ ಹಿಡಿದುಕೊಂಡೇ ಕೇಳಿದಳು. ಅವಳ ಬಸ್ಸು ಬರುವವರೆಗೂ ಹೇಳುತ್ತಲೇ ಇದ್ದೆ. ಕೊನೆಕೊನೆಗೆ ನನಗೂ ನಂಬಿಕೆ ಬಂದುಬಿಟ್ಟಿತ್ತು.

ಗುರುಮಲ್ಲ