ಕದ್ದದ್ದು ಕೋಡ್, ಎದ್ದದ್ದು ನಮ್ಮ ಮೋಟಾರು

ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಂಚಿದ ಮಾನ್ಯ ಅಧಿಕಾರಿಗಳೇ,

ಆ ಸ್ಟಾರ್ಟರ್ ತಯಾರಿಸುವ ಕಂಪನಿಯ ಗುಪ್ತ ಸೋರ್ಸ್ ಕೋಡ್, ಅಂದರೆ ಸ್ಟಾರ್ಟರ್ ಪೆಟ್ಟಿಗೆಯನ್ನು ನಡೆಸುವ ಬರಹ, ಕಳುವಾಗಿದೆ. ಕಳುವಾಗಿ ತಿಂಗಳಾದ ಮೇಲೆ ತಾವು ಪ್ರಕಟಣೆ ಹೊರಡಿಸಿ, ‘ಕಳುವಾಗಿರುವುದು ಕೇವಲ ಬರಹ, ಯಾವ ರೈತರ ಪೆಟ್ಟಿಗೆಯೂ ಕಳುವಾಗಿಲ್ಲ, ಆತಂಕ ಬೇಡ’ ಎಂದು ಅಪ್ಪಣೆ ಕೊಡಿಸಿದ್ದೀರಿ. ಬೀಗದ ಕೈಯ ಅಚ್ಚು ಕಳ್ಳನ ಪಾಲಾದರೂ ಬೀಗ ಬಾಗಿಲಲ್ಲೇ ಇದೆಯಲ್ಲ ಎಂದು ಗೊರಕೆ ಹೊಡೆಯಲು ಎಂಟೆದೆ ಬೇಕು ಸ್ವಾಮಿ!

ನಾನು ಮಳವಳ್ಳಿಯಲ್ಲಿ ಕಂಪ್ಯೂಟರ್ ಕಲಿಸುವವಳು. ಯಜಮಾನರು ಮಹದೇವು, ಕಿರುಗಾವಲಿನ ಬಳಿ ಭತ್ತ ಬೆಳೆಯುತ್ತಾರೆ. ಪಂಪಿಗೆ ಕೈಹಾಕುವ ಮುಂಚೆ ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ನಮ್ಮ ಕಡೆಯ ಹಳೇ ಪದ್ಧತಿ. ಫ್ಯೂಸ್ ತನ್ನ ಹತ್ತಿರವಿದ್ದರೆ ಯಾರೂ ಮೋಟಾರು ಹಾಕಲಾರರು. ನಿಮ್ಮವರು ಬಂದು ಫ್ಯೂಸ್ ಡಬ್ಬಕ್ಕೆ ಸೀಲ್ ಹಾಕಿ, ‘ಇನ್ನು ಫೋನೇ ಸಾಕು, ಕರೆ ಮಾಡಿದರೆ ಮೋಟಾರು ಏಳುತ್ತದೆ’ ಎಂದರು. ಕಳೆದ ಸೋಮವಾರ ಬೆಳಿಗ್ಗೆ ಪಂಪಿನ ಬೆಲ್ಟ್ ಬದಲಿಸಲು ಕೂತ ನಮ್ಮವರು ಏನು ಮಾಡಿದರು ಗೊತ್ತೇ? ಫೋನನ್ನು ಸ್ವಿಚಾಫ್ ಮಾಡಿ, ಫ್ಯೂಸಿನ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡರು!

ಹುಷಾರು ಎಂದ ನನಗೆ, “ಫೋನೇ ಸತ್ತೋಗ್ಯದೆ, ಮೋಟ್ರು ಎಂಗೆ ಎದ್ದಾತು ಬುಡಮ್ಮಿ” ಎಂದರು. ಮೋಟಾರು ಎದ್ದಿತು. ಬೆಲ್ಟು ಪಂಚೆಯನ್ನು ಕಚ್ಚಿ ಎಳೆದುಕೊಂಡಿತು. ಪುಣ್ಯಕ್ಕೆ ಗಂಟು ಸಡಿಲವಿತ್ತು. ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಚಿಕ್ಕಬೋರಮ್ಮ, “ಪಂಚೆ ಓದ್ರೆ ಓಗ್ಲಿ ಬುಡ್ಲಾ, ಕೈ ಅದಾ ನೋಡ್ಕೊ!” ಎಂದು ಕೂಗಿದರು. ಊರೆಲ್ಲ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದು ಅವರ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾ ಅತ್ತುಬಿಟ್ಟೆ.

ಅದೇ ಗಳಿಗೆಯಲ್ಲಿ ಸುತ್ತಲಿನ ಹನ್ನೊಂದು ಮೋಟಾರುಗಳು ಯಾರೂ ಕರೆ ಮಾಡದೆ ಎದ್ದಿದ್ದವು. ಕಂಪನಿಯ ಮೆಕ್ಯಾನಿಕ್ ಬಂದು ತಲೆ ಕೆರೆದುಕೊಂಡು ಒಪ್ಪಿಕೊಂಡ: ಎಲ್ಲ ಪೆಟ್ಟಿಗೆಗೂ ಒಂದೇ ಪಾಸ್‌ವರ್ಡು, ಅದನ್ನು ಬರೆದಿಟ್ಟದ್ದು ಕಳುವಾದ ಆ ಕೋಡಿನೊಳಗೇ. ಅಂದರೆ ಅದನ್ನು ಓದಿದ ಯಾವ ಪುಣ್ಯಾತ್ಮನಾದರೂ ಎಲ್ಲೋ ಕೂತು ಇಲ್ಲಿಯ ಮೋಟಾರು ಎಬ್ಬಿಸಬಹುದು. ಇದು ಕೇವಲ ಬರಹವೇ? ತಮ್ಮ ವರ್ಗಾವಣೆ ಆದೇಶವೂ ಕೇವಲ ಬರಹವೇ ತಾನೆ? ಅದು ಬಂದ ದಿನ ತಮಗೆ ಊಟ ಸೇರುತ್ತದೆಯೇ?

ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಪಾಸ್‌ವರ್ಡು ಹಾಕಿಸಿ. ಅಲ್ಲಿಯವರೆಗೆ ಫ್ಯೂಸ್ ಡಬ್ಬದ ಸೀಲ್ ಒಡೆಯಲು ಲಿಖಿತ ಅನುಮತಿ ಕೊಡಿ. ಎರಡೂ ಆಗದೆಂದರೆ, ನಮ್ಮ ಬೆಲ್ಟ್ ಇನ್ನೂ ಬದಲಾಗಿಲ್ಲ. ದಯವಿಟ್ಟು ತಾವೇ ಬಂದು ಹಾಕಿಕೊಡಿ. ನಾನು ದೂರದಲ್ಲಿ ನಿಂತು, ಆತಂಕ ಬೇಡ ಎಂದು ಹೇಳುತ್ತಿರುತ್ತೇನೆ.

ಇಂತಿ,
ಸದ್ಯಕ್ಕೆ ಮುತ್ತೈದೆಯಾಗಿರುವ
ಸುನಿತಾ, ಕಿರುಗಾವಲು